ಸಮುದಾಯ ಭವನಕ್ಕೆ ಇಳಿಜಾರು ಕಮ್ಮಿ ಇರುವ ಪಫ್ ಪ್ಯಾನೆಲ್ ಚಾವಣಿ ಹಾಕಿದರೆ ಸೋರುವುದಿಲ್ವಾ?

ಸೋರುವುದಿಲ್ಲ, ಜೋಡಣೆ ಸರಿಯಾಗಿದ್ದರೆ. ಪಫ್ ಪ್ಯಾನೆಲ್ ಅಂದರೆ ಎರಡು ತಗಡಿನ ನಡುವೆ ಪಾಲಿಯುರೆಥೇನ್ ಎಂಬ ಗಟ್ಟಿ ನೊರೆ ತುಂಬಿದ ಹಲಗೆ. ತಗಡಿನ ಮೈಯಿಂದ ನೀರು ಒಳಗೆ ಬರುವುದೇ ಇಲ್ಲ, ಬರುವುದು ಒಂದು ಪ್ಯಾನೆಲ್ ಇನ್ನೊಂದರ ಮೇಲೆ ಕೂರುವ ಜಾಗದಿಂದ ಮತ್ತು ಸ್ಕ್ರೂ ತೂತಿನಿಂದ.

ಇಳಿಜಾರು ಕಮ್ಮಿಯಾದಷ್ಟೂ ನೀರು ನಿಧಾನವಾಗಿ ಹರಿಯುತ್ತದೆ. ಆಗ ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಆ ಸಣ್ಣ ಸಂದು ನೀರನ್ನು ಮೇಲ್ಮುಖವಾಗಿಯೂ ಎಳೆದುಕೊಳ್ಳುತ್ತದೆ, ಜೊತೆಗೆ ಗಾಳಿ ತಳ್ಳಿದರಂತೂ ಮುಗಿದೇ ಹೋಯಿತು. ಅದಕ್ಕೇ ಸಾಮಾನ್ಯವಾಗಿ 5 ಡಿಗ್ರಿಯಾದರೂ ಇಡುತ್ತಾರೆ, ಅಂದರೆ 10 ಮೀಟರ್ ಉದ್ದಕ್ಕೆ ಸುಮಾರು 87 ಸೆಂ.ಮೀ. ಎತ್ತರ. ಕೆಳಗಿನಿಂದ ನೋಡಿದರೆ ಚಪ್ಪಟೆ ಅಂತಲೇ ಅನಿಸುತ್ತದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಪ್ಯಾನೆಲ್ ಬಂದರೆ ಇನ್ನೂ ಒಳ್ಳೆಯದು, ಅಡ್ಡ ಜೋಡಣೆಯೇ ಇರುವುದಿಲ್ಲ. ಜೋಡಿಸಲೇಬೇಕಾದರೆ ನಡುವೆ ಅಂಟಿನ ಬ್ಯೂಟೈಲ್ ಟೇಪ್ ಬೇಕೇ ಬೇಕು, ಬರೀ ಸಿಲಿಕಾನ್ ಬಳಿದು ಹೋಗುವವರನ್ನು ನಂಬಬೇಡಿ.

ಇಷ್ಟು ತಲೆನೋವು ಯಾಕೆ ಅಂದರೆ, ಎತ್ತರ ಕಮ್ಮಿಯಾದರೆ ಗೋಡೆ ಕಮ್ಮಿ, ಎಸಿ ಹಾಕಿದರೆ ತಣ್ಣಗಾಗಿಸಬೇಕಾದ ಗಾಳಿಯೂ ಕಮ್ಮಿ. ಬರೀ ತಗಡಾದರೆ ಮಧ್ಯಾಹ್ನ ಕಾದ ಹಂಚಿನ ಕೆಳಗೆ ಕೂತ ಹಾಗೆ, ಮಳೆ ಬಂದರೆ ಮೈಕ್ ಹಿಡಿದವರ ಮಾತೂ ಕೇಳಿಸಲ್ಲ. ಪ್ಯಾನೆಲ್‌ನಲ್ಲಿ ಎರಡು ತಗಡಿನ ನಡುವಿನ ನೊರೆಯ ಪುಟ್ಟ ಪುಟ್ಟ ಗುಳ್ಳೆಗಳು ಶಾಖವನ್ನು ತಡೆಯುತ್ತವೆ, ಸದ್ದೂ ಎಷ್ಟೋ ಕಮ್ಮಿ.

ಒಂದು ಮಾತು: ಜನ ಸೇರುವ ಜಾಗಕ್ಕೆ ಮಾಮೂಲಿ ಪಫ್ ಬೇಡ, ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ. ದುಬಾರಿಯಾದರೂ, ತೂಕ ಜಾಸ್ತಿಯಾದರೂ ರಾಕ್‌ವುಲ್ ತುಂಬಿದ್ದನ್ನೇ ಕೇಳಿ, ಅದು ಕಲ್ಲು ಕರಗಿಸಿ ಮಾಡಿದ ನಾರು, ಉರಿಯುವುದಿಲ್ಲ.