ಗೋಬರ್ ಗ್ಯಾಸ್ ಸೋರಿಕೆಯನ್ನು ದೂರದಿಂದಲೇ ಲೇಸರ್ ಹಿಡಿದು ಪತ್ತೆ ಮಾಡಬಹುದಾ?

ಟಾರ್ಚ್ ಥರದ ಯಂತ್ರವನ್ನು ದೂರದ ಪೈಪಿಗೆ ಹಿಡಿದು ಗ್ಯಾಸ್ ಸೋರಿಕೆ ಹೇಳುವ ವಿಡಿಯೋ ನೋಡಿದೆ, ಅದು ನಿಜಾನಾ, ಹೊಸನಗರದ ನಮ್ಮ ಮನೆಯ ಗೋಬರ್ ಗ್ಯಾಸಿಗೂ ಆಗುತ್ತಾ ಅಂತ ಕೇಳಿದ್ದೀರಿ. ನಿಜ, ಆಗುತ್ತೆ. ಪೈಪ್‌ಲೈನ್ ಕೆಲಸದಲ್ಲಿ ಆ ಯಂತ್ರವನ್ನು ದಿನಾ ಹಿಡಿದು ಓಡಾಡಿದ್ದೇನೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲೂ ಹಿಡಿದು ನೋಡಿದ್ದೇನೆ.

ಗೋಬರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೀಥೇನ್. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಕೆಲವೇ ಬಣ್ಣಗಳನ್ನು ಮೀಥೇನ್ ಹೀರಿಕೊಳ್ಳುತ್ತದೆ. ಅವುಗಳಲ್ಲಿ ಒಂದರ ತರಂಗಾಂತರ, ಅಂದರೆ ಬೆಳಕಿನ ಅಲೆಯ ಉದ್ದ, 1653 ನ್ಯಾನೋಮೀಟರ್ ಹತ್ತಿರ ಇದೆ. ಲೇಸರ್‌ಗೆ ಕೊಡುವ ಕರೆಂಟನ್ನು ಚೂರು ಹೆಚ್ಚುಕಮ್ಮಿ ಮಾಡಿದರೆ ಅದರ ಬಣ್ಣವೂ ಚೂರು ಸರಿಯುತ್ತದೆ. ಹೀಗೆ ಸೆಕೆಂಡಿಗೆ ಸಾವಿರಾರು ಸಲ ಸರಿಸುತ್ತಾ, ಗೋಡೆಗೆ ಬಡಿದು ವಾಪಸ್ ಬಂದ ಬೆಳಕನ್ನು ಯಂತ್ರ ಅಳೆಯುತ್ತದೆ. ಆ ಒಂದು ಬಣ್ಣ ಮಾತ್ರ ಕಮ್ಮಿಯಾಗಿ ಪಕ್ಕದ್ದು ಹಾಗೇ ಇದ್ದರೆ ದಾರಿಯಲ್ಲಿ ಮೀಥೇನ್ ಇದೆ ಅಂತ ಅರ್ಥ. ಗೋಡೆ ಪಾಚಿಗಟ್ಟಿ ಕಪ್ಪಾಗಿದ್ದರೆ ಎರಡೂ ಒಟ್ಟಿಗೆ ಕಮ್ಮಿಯಾಗುತ್ತವೆ. ಹಾಗಾಗಿ ಯಂತ್ರ ಮೋಸ ಹೋಗೋದಿಲ್ಲ.

ಜನ ಎಡವೋದು ನಂಬರ್ ಓದುವಾಗ. ಅಲ್ಲಿ ಬರೋದು ಬರೀ ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಗ್ಯಾಸ್ ಎಷ್ಟು ಭಾಗ ಅನ್ನೋ ಲೆಕ್ಕ) ಅಲ್ಲ, ಪಿಪಿಎಂ-ಮೀಟರ್. ಅಂದರೆ ಗ್ಯಾಸ್ ಎಷ್ಟು ದಟ್ಟ, ಅದರೊಳಗೆ ಬೆಳಕು ಎಷ್ಟು ದೂರ ಹಾದಿದೆ, ಎರಡರ ಗುಣಾಕಾರ. ಒಂದು ಮೀಟರ್ ಉದ್ದಕ್ಕೆ 1000 ಪಿಪಿಎಂ ತೆಳುವಾಗಿ ಹರಡಿದ್ದರೂ, ಹತ್ತೇ ಸೆಂಟಿಮೀಟರ್‌ನಲ್ಲಿ 10,000 ಪಿಪಿಎಂ ಕೂತಿದ್ದರೂ ಯಂತ್ರ ಒಂದೇ ನಂಬರ್ ತೋರಿಸುತ್ತದೆ. ಗಾಳಿಯಲ್ಲಿ ಹೇಗೂ ಸುಮಾರು 2 ಪಿಪಿಎಂ ಮೀಥೇನ್ ಇರುತ್ತದೆ. ಹತ್ತು ಮೀಟರ್ ಆಚೆಯ ಗೋಡೆಗೆ ಹಿಡಿದರೆ ಬೆಳಕು ಹೋಗಿ ಬರೋದು 20 ಮೀಟರ್, ಅಲ್ವಾ? ಸೋರಿಕೆ ಇಲ್ಲದೆಯೂ ಲೆಕ್ಕ 40 ಆಯಿತು. ಅದಕ್ಕೇ ಒಂದೇ ಕಡೆ ನಿಂತು ತೀರ್ಮಾನ ಮಾಡಬಾರದು, ಸುತ್ತ ನಡೆದು ನೋಡಬೇಕು.

ನಮ್ಮ ಮನೆಯಲ್ಲಿ ಹಾಗೇ ಆಯಿತು. ಕೊಟ್ಟಿಗೆ ಹಿಂದೆ ಹಿಡಿದ ಕೂಡಲೇ ನಂಬರ್ ಜಿಗಿಯಿತು. ಗುಂಡಿ ಬಿರುಕು ಬಿಟ್ಟಿದೆ ಅಂತ ಅಪ್ಪ ಗಾಬರಿಯಾದರು. ನೋಡಿದರೆ ಅದು ಸ್ಲರಿ ಹೊರಗೆ ಬರುವ ಬಾಯಿ. ಅಲ್ಲಿ ಬಗ್ಗಡ ಗುಳ್ಳೆ ಏಳುತ್ತಾ ಸ್ವಲ್ಪ ಮೀಥೇನ್ ಬಿಡುತ್ತಲೇ ಇರುತ್ತದೆ. ನಿಜವಾದ ಸೋರಿಕೆ ಇದ್ದದ್ದು ಅಡುಗೆಮನೆಯಲ್ಲಿ, ಒಲೆಗೆ ಹೋಗುವ ರಬ್ಬರ್ ಪೈಪಿನ ಬುಡದಲ್ಲಿ. ಅಂಗಳದಲ್ಲೇ ನಿಂತು, ಮುಚ್ಚಿದ ಕಿಟಕಿಯ ಗಾಜಿನ ಮೂಲಕ ಅದನ್ನು ಹಿಡಿದೆ. ಈ ಬೆಳಕು ಗಾಜನ್ನು ದಾಟುತ್ತದೆ. ನೇರ ಹಿಡಿದರೆ ಗಾಜೇ ಹೊಳೆದು ಅಡ್ಡ ಬರುತ್ತದೆ, ಸ್ವಲ್ಪ ಓರೆಯಾಗಿ ಹಿಡಿಯಬೇಕು. ಒಳಗೆ ಕಾಲಿಡದೆ ಒಳಗಿನ ಗ್ಯಾಸ್ ಕಾಣೋದು ಈ ಯಂತ್ರದ ದೊಡ್ಡ ಗುಣ ಅಂತ ನನ್ನ ಅನಿಸಿಕೆ.

ಮಲೆನಾಡಿನ ಮಂಜಿನಲ್ಲಿ ಮಾತ್ರ ಕಷ್ಟ. ನೀರಿನ ಹನಿಗಳು ಬೆಳಕನ್ನು ಚದುರಿಸಿ, ವಾಪಸ್ ಬರೋದೇ ಕಮ್ಮಿಯಾಗುತ್ತದೆ. ಬಿಸಿಲೇರಿದ ಮೇಲೆ, ಸುಣ್ಣ ಹೊಡೆದ ಗೋಡೆ ಎದುರಿಗಿದ್ದರೆ ಚೆನ್ನಾಗಿ ಸಿಗುತ್ತದೆ.

ಇನ್ನೊಂದು ಮಾತು. ಅಡುಗೆ ಸಿಲಿಂಡರ್ ಸೋರಿಕೆಗೆ ಇದನ್ನು ನಂಬಬೇಡಿ. ಅದರಲ್ಲಿರೋದು ಪ್ರೋಪೇನ್, ಬ್ಯೂಟೇನ್. ಮೀಥೇನ್‌ಗೆ ಹೊಂದಿಸಿದ ಲೇಸರ್ ಅವನ್ನು ಹುಡುಕೋದಿಲ್ಲ. ಯಂತ್ರದ ಬೆಲೆ ಲಕ್ಷಗಳಲ್ಲಿ, ಒಂದು ಮನೆಗೆ ಕೊಳ್ಳುವಂಥದ್ದಲ್ಲ. ನಿಮ್ಮ ಪೈಪಿನ ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ನೋಡಿ, ಸೋರಿಕೆ ಇದ್ದಲ್ಲಿ ಗುಳ್ಳೆ ಏಳುತ್ತದೆ. ನಾನು ಕೂಡ ಆ ರಬ್ಬರ್ ಪೈಪನ್ನು ಬದಲಾಯಿಸಿದ ಮೇಲೆ ಹಾಗೇ ನೋಡಿದ್ದು.