ಸಂಪಾದಕರ ಉತ್ತರ: ಪ್ರಶ್ನೆ ಕೇಳುವವರಿಗೂ ಜಾಗವಿರಲಿ

‘ಕಳೆದ ಸಂಚಿಕೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಊರವರು ಕೂಡಿ ಕಲಿಯಲು ಕಟ್ಟಿಕೊಂಡ ಸಂಘಗಳ, ಅಂದರೆ ಲೈಸಿಯಂ ಚಳವಳಿಯ, ಲೇಖನ ಓದಿದೆ. ಪುಸ್ತಕ ಸಿಗದ, ಕಾಲೇಜು ಎಟುಕದ ಕಾಲಕ್ಕೆ ಅದೆಲ್ಲ ಸರಿ. ಈಗ ದೊಡ್ಡ ದೊಡ್ಡ ಪ್ರಾಧ್ಯಾಪಕರ ಪಾಠ ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತದೆ. ನಮ್ಮ ಮನೆಗೆ ಮಳೆನೀರು ಕೊಯ್ಲು ಅಳವಡಿಸಿದ್ದು ವಿಡಿಯೊ ನೋಡಿಯೇ. ಊರವರೆಲ್ಲ ಒಂದು ಕೋಣೆಯಲ್ಲಿ ಕೂತು ಭಾಷಣ ಕೇಳುವ ಪದ್ಧತಿಯ ಗುಣಗಾನ ಈಗೇಕೆ?’
– ಓದುಗರೊಬ್ಬರು, ದಾವಣಗೆರೆ

ನಿಮ್ಮ ನೇರ ಮಾತು ಹಿಡಿಸಿತು. ವಿಡಿಯೊಗಳಿಂದ ಉಪಕಾರವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಲೈಸಿಯಂ ಎಂದರೆ ಭಾಷಣ ಕೇಳುವ ಕೋಣೆ ಎಂದು ನೀವು ತೀರ್ಮಾನಿಸಿಬಿಟ್ಟಿದ್ದೀರಿ. ಲೇಖನವನ್ನು ಇನ್ನಷ್ಟು ನಿಧಾನವಾಗಿ ಓದಬೇಕಿತ್ತು. ಅಲ್ಲಿ ಕೇಳುವವರೇ ಹೇಳುವವರೂ ಆಗಿದ್ದರು.

1826ರಲ್ಲಿ ಮಸಾಚುಸೆಟ್ಸ್‌ನ ಮಿಲ್‌ಬರಿ ಎಂಬ ಊರಿನಲ್ಲಿ ಜೋಸಾಯ ಹೋಲ್‌ಬ್ರೂಕ್ ಮೊದಲ ಲೈಸಿಯಂ ಕಟ್ಟಿದಾಗ ಸೇರಿದವರು ರೈತರು, ಕುಶಲಕರ್ಮಿಗಳು. ಯೇಲ್‌ನಲ್ಲಿ ಓದಿದ್ದ ಹೋಲ್‌ಬ್ರೂಕ್‌ ಅವರಿಗೆ ನಿಸರ್ಗ ವಿಜ್ಞಾನದ ಹುಚ್ಚು. ಭೂಮಿಯ ಗೋಲದ ಮಾದರಿ, ಜ್ಯಾಮಿತಿಯ ಆಕೃತಿಗಳು, ಗ್ರಹಗಳ ಚಲನೆ ತೋರಿಸುವ ಸಾಧನ, ಖನಿಜಗಳ ಸಂಗ್ರಹ – ಇವು ಅವರ ಪಾಠದ ಸರಕು. ವಸ್ತುವನ್ನು ಕೈಗೆ ಕೊಟ್ಟು ತೋರಿಸಬೇಕು, ಆಮೇಲೆ ಚರ್ಚೆಯಾಗಬೇಕು, ಬಲ್ಲವರು ನೆರೆಯವರಿಗೆ ಹೇಳಿಕೊಡಬೇಕು. ಒಂದು ದಶಕ ತುಂಬುವಷ್ಟರಲ್ಲಿ ಇಂಥ ಸಂಘಗಳು ಸುಮಾರು 3,000 ಆಗಿದ್ದವು. 1854ರಲ್ಲಿ ವರ್ಜೀನಿಯಾದ ಲಿಂಚ್‌ಬರ್ಗ್ ಬಳಿ ಖನಿಜ ಆರಿಸಲು ಹೋದ ಹೋಲ್‌ಬ್ರೂಕ್ ಹೊಳೆಯ ಪಾಲಾದರು. ಕೊನೆಯವರೆಗೂ ಅದೇ ಧ್ಯಾನ.

ಮಸಾಚುಸೆಟ್ಸ್‌ನದೇ ಇನ್ನೊಂದು ಊರಾದ ಕಾಂಕರ್ಡ್‌ನ ಲೈಸಿಯಂ ಶುರುವಾದದ್ದು 1829ರಲ್ಲಿ. ಆ ಊರಿನ ಲೇಖಕ ಹೆನ್ರಿ ಡೇವಿಡ್ ಥೋರೊ ಒಂದು ಚಳಿಗಾಲ ಅದರ ಉಸ್ತುವಾರಿ ಹೊತ್ತು 25 ಉಪನ್ಯಾಸಗಳನ್ನು ಏರ್ಪಡಿಸಿದರು. ಕೋಣೆ, ಸೌದೆ, ದೀಪ ಎಲ್ಲ ಸೇರಿ ಆದ ಖರ್ಚು 100 ಡಾಲರ್; ಈ ಲೆಕ್ಕವನ್ನು ಅವರೇ ಬರೆದಿಟ್ಟಿದ್ದಾರೆ. 1845ರಲ್ಲಿ ಗುಲಾಮಗಿರಿಯ ಕಡುವಿರೋಧಿ ವೆಂಡೆಲ್ ಫಿಲಿಪ್ಸ್‌ರನ್ನು ಮತ್ತೆ ಕರೆಸಬೇಕೇ ಬೇಡವೇ ಎಂದು ಸದಸ್ಯರು ಜಗಳವಾಡಿದರು, ಮತ ಹಾಕಿದರು, ಕೊನೆಗೆ ಕರೆಸಿದರು. ಒಪ್ಪದ ಪದಾಧಿಕಾರಿಗಳು ರಾಜೀನಾಮೆ ಕೊಟ್ಟರು. ತೆರಿಗೆ ಕಟ್ಟದೆ ಒಂದು ರಾತ್ರಿ ಜೈಲಿನಲ್ಲಿದ್ದ ಥೋರೊ, ತಾನು ಹಾಗೇಕೆ ಮಾಡಿದೆ ಎಂದು 1848ರ ಜನವರಿಯಲ್ಲಿ ವಿವರಿಸಿದ್ದು ಇದೇ ನೆರೆಹೊರೆಯವರ ಎದುರು. ಆ ಉಪನ್ಯಾಸ ಮರುವರ್ಷ ಅಚ್ಚಾಯಿತು. ಮುಂದೆ ಗಾಂಧೀಜಿಯವರೂ ಅದನ್ನು ಓದಿದರು. ಮರುದಿನ ಬೀದಿಯಲ್ಲಿ ಎದುರಾಗುವವರಿಗೆ ಜವಾಬು ಹೇಳಬೇಕಾದವನು ಮಾತನ್ನು ತೂಗಿಯೇ ಆಡುತ್ತಾನೆ. ಒಬ್ಬನೇ ಕ್ಯಾಮೆರಾ ಮುಂದೆ ಕೂತವನಿಗೆ ಆ ಹಂಗು ಎಲ್ಲಿದೆ?

ಹಾಗೆಂದು ಲೈಸಿಯಂಗಳೆಲ್ಲ ನಿಷ್ಕಳಂಕವಾಗಿರಲಿಲ್ಲ. ಅದೇ ರಾಜ್ಯದ ನ್ಯೂ ಬೆಡ್‌ಫರ್ಡ್‌ನದು 1845ರಲ್ಲಿ ಕಪ್ಪು ಜನರಿಗೆ ಸದಸ್ಯತ್ವ ನಿರಾಕರಿಸಿತು. ಚಿಂತಕ ಎಮರ್ಸನ್, ಗುಲಾಮಗಿರಿಯ ವಿರೋಧಿ ಚಾರ್ಲ್ಸ್ ಸಮ್ನರ್ ಇಬ್ಬರೂ ಅಲ್ಲಿ ಮಾತನಾಡಲು ಒಪ್ಪಲಿಲ್ಲ. 1868ರಲ್ಲಿ ಜೇಮ್ಸ್ ರೆಡ್‌ಪಾತ್ ಬಾಸ್ಟನ್‌ನಲ್ಲಿ ಭಾಷಣಕಾರರನ್ನು ಒದಗಿಸುವ ಏಜೆನ್ಸಿ ತೆರೆದರು. ಮಾರ್ಕ್ ಟ್ವೇನ್‌ರಂಥವರು ಬಂದರು, ಸಭಾಂಗಣಗಳು ತುಂಬಿದವು. ಆದರೆ ಟಿಕೆಟ್ ಕೊಂಡವನು ಬರಿಯ ಪ್ರೇಕ್ಷಕನಾದ. ಊರಿನವನೇ ಎದ್ದು ತಾನು ಬಲ್ಲದ್ದನ್ನು ಹೇಳುವ ರೂಢಿ ಸೊರಗಿತು. ನನ್ನ ದೃಷ್ಟಿಯಲ್ಲಿ ಚಳವಳಿ ಸೋತದ್ದು ಅಲ್ಲಿ.

ನಮ್ಮಲ್ಲೂ ಮೈಸೂರು ವಿಶ್ವವಿದ್ಯಾನಿಲಯ ಪ್ರಾಧ್ಯಾಪಕರಿಂದ ಕನ್ನಡದಲ್ಲಿ ಪ್ರಚಾರೋಪನ್ಯಾಸ, ಅಂದರೆ ಜನಸಾಮಾನ್ಯರಿಗಾಗಿ ಉಪನ್ಯಾಸ, ಮಾಡಿಸುತ್ತಿತ್ತು. ಅವು ಪುಟ್ಟ ಪುಸ್ತಕಗಳಾಗಿಯೂ ಬಂದವು. ಈಗ ಎಷ್ಟೋ ಊರುಗಳಲ್ಲಿ ಸಮುದಾಯ ಭವನವಿದೆ, ಬೀಗ ತೆಗೆಯುವುದು ಮದುವೆ, ನಾಮಕರಣಕ್ಕೆ. ಅಪರೂಪಕ್ಕೊಂದು ವಿಚಾರಗೋಷ್ಠಿ ನಡೆದರೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ವೇದಿಕೆ ತುಂಬ ಕೂತವರಿಗೆಲ್ಲ ಶಾಲು, ಹಾರ, ಹಣ್ಣಿನ ಬುಟ್ಟಿ. ಉಪನ್ಯಾಸಕರು ಮೈಕಿನ ಮುಂದೆ ಬರುವಾಗ ಹಿಂದಿನ ಸಾಲಿನವರು ಊಟಕ್ಕೆ ಏಳುತ್ತಿರುತ್ತಾರೆ. ‘ಸಮಯದ ಅಭಾವದಿಂದ ಪ್ರಶ್ನೋತ್ತರ ಇರುವುದಿಲ್ಲ’ ಎಂದು ನಿರೂಪಕರು ಸಾರುತ್ತಾರೆ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಶಾಲು ಹೊದಿಸಲು ಇದ್ದ ಸಮಯ ಪ್ರಶ್ನೆಗೆ ಏಕಿಲ್ಲ? ಜನ ಸಭೆಗಳಿಂದ ದೂರ ಸರಿದು ಮೊಬೈಲ್ ಹಿಡಿದು ಕೂತದ್ದರಲ್ಲಿ ಸಂಘಟಕರಾದ ನಮ್ಮೆಲ್ಲರ ಪಾಲೂ ಇದೆ.

ನಿಮ್ಮ ಮಳೆನೀರು ಕೊಯ್ಲಿನ ವಿಷಯ ನನಗೆ ನಿಜಕ್ಕೂ ಸಂತೋಷ ತಂದಿದೆ. ನಿಮ್ಮ ಚಾವಣಿಯ ಅಳತೆ, ಸೋಸುವ ತೊಟ್ಟಿಗೆ ಹಾಕಿದ ಜಲ್ಲಿ, ಮರಳು, ಮೊದಲ ಮಳೆಯ ನೀರನ್ನು ಹೊರಗೆ ಬಿಡುವ ಕೊಳವೆ – ಇವನ್ನು ನಿಮ್ಮ ಬೀದಿಯವರಿಗೆ ನಿಮ್ಮಷ್ಟು ಚೆನ್ನಾಗಿ ಯಾವ ವಿಡಿಯೊ ವಿವರಿಸೀತು? ಒಂದು ಭಾನುವಾರ ಹತ್ತು ಮನೆಯವರನ್ನು ಕರೆಯಿರಿ. ಅರ್ಧ ಗಂಟೆ ನೀವು ಮಾತನಾಡಿ, ಒಂದು ಗಂಟೆ ಅವರು ಪ್ರಶ್ನೆ ಕೇಳಲಿ. ಅವರು ಕೇಳಿದ ಪ್ರಶ್ನೆಗಳನ್ನೂ ನಿಮಗೆ ಉತ್ತರ ಹೊಳೆಯದೆ ಉಳಿದವನ್ನೂ ಬರೆದು ಕಳಿಸಿ. ಮಳೆಗಾಲದ ಸಂಚಿಕೆಯಲ್ಲಿ ಅದಕ್ಕೆ ಎರಡು ಪುಟ ಮೀಸಲಿಡುತ್ತೇನೆ.

– ಸಂಪಾದಕ