9 ಅಡಿ ದೂರಕ್ಕೆ 8ಕೆ ಬೇಕಾ?

ಪ್ರಶ್ನೆ: 55 ಇಂಚಿನ ಟಿವಿ ತರಬೇಕು ಅಂತಿದ್ದೇವೆ. ಮಗ 4ಕೆ ಸಾಕು ಅನ್ನುತ್ತಾನೆ. ಅಂಗಡಿಯವರು 'ಮುಂದೆ ಎಲ್ಲ 8ಕೆನೇ ಸಾರ್' ಅನ್ನುತ್ತಾರೆ. ಸೋಫಾದಿಂದ ಗೋಡೆಗೆ 9 ಅಡಿ. ನೋಡುವುದು ಜಾಸ್ತಿ ಕೇಬಲ್ ಧಾರಾವಾಹಿ, ಕ್ರಿಕೆಟ್. ಏನು ಮಾಡೋಣ?
— ಓದುಗರೊಬ್ಬರು, ಹಾಸನ

ಉತ್ತರ: ಮಗನ ಮಾತು ಕೇಳಿ. ದೂರ ಅಳೆದು ಬರೆದಿದ್ದೀರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಟಿವಿಯ ಚಿತ್ರ ಸಣ್ಣ ಸಣ್ಣ ಚುಕ್ಕಿಗಳಿಂದ ಆಗಿರುತ್ತದೆ. ಫುಲ್ ಎಚ್‌ಡಿ, 4ಕೆ, 8ಕೆ ಅನ್ನುವುದು ಆ ಚುಕ್ಕಿ ಎಷ್ಟು ಅನ್ನುವ ಲೆಕ್ಕ; ಒಂದಕ್ಕಿಂತ ಮುಂದಿನದರಲ್ಲಿ ಚುಕ್ಕಿ ಜಾಸ್ತಿ, ಗಾತ್ರ ಸಣ್ಣದು.

ಬಿಳಿ ಹಾಳೆಯ ಮೇಲೆ ಎರಡು ಸಣ್ಣ ಗೆರೆ ಎಳೆಯಿರಿ, ನಡುವೆ ಒಂದು ಮಿಲಿಮೀಟರ್ ಸಂದು ಇರಲಿ. ಗೋಡೆಗೆ ಅಂಟಿಸಿ ಹಿಂದೆ ಹಿಂದೆ ಸರಿಯಿರಿ. ಕನ್ನಡಕ ಹಾಕಿದ ನನಗೆ 11 ಅಡಿ ಆಗುವಷ್ಟರಲ್ಲಿ ಎರಡೂ ಸೇರಿ ಒಂದೇ ಗೆರೆ. (ಹೆಂಡತಿ ಇನ್ನೂ ಒಂದಡಿ ಹಿಂದೆ ಹೋದಳು, ಅದು ಬೇರೆ ವಿಷಯ.) 55 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಚುಕ್ಕಿಯ ಅಗಲ ಸುಮಾರು 0.63 ಮಿ.ಮೀ. ಚೆನ್ನಾಗಿರುವ ಕಣ್ಣಿಗೂ 7 ಅಡಿ ದಾಟಿದರೆ ಆ ಚುಕ್ಕಿಗಳು ಕಲೆತುಹೋಗುತ್ತವೆ. 4ಕೆ ಚುಕ್ಕಿ ಅದರ ಅರ್ಧ, ಮೂರೂವರೆ ಅಡಿಗೇ ಕಲೆಯುತ್ತದೆ. 8ಕೆಯ ಸೊಗಸು ಕಾಣಬೇಕಾದರೆ ಟಿವಿ ಮುಂದೆ ಮಣೆ ಹಾಕಿ ಕೂರಬೇಕು. ಅಂಗಡಿಯಲ್ಲಿ ನಿಂತು ನೋಡುವುದೂ ಅಷ್ಟೇ ಹತ್ತಿರದಿಂದ, ಅಲ್ವಾ?

ಇನ್ನು ಕೇಬಲ್. ಮಾಮೂಲಿ ಎಸ್‌ಡಿ (ಎಚ್‌ಡಿ ಅಲ್ಲದ) ಚಾನೆಲ್‌ನಲ್ಲಿ ಇರುವುದು ಹೆಚ್ಚೆಂದರೆ 720 × 576, ಅಂದರೆ 4 ಲಕ್ಷ ಚಿಲ್ಲರೆ ಚುಕ್ಕಿ. 4ಕೆ ಪರದೆಯಲ್ಲಿ 83 ಲಕ್ಷ. ಒಂದು ಸೌಟು ಸಾರನ್ನು ಇಪ್ಪತ್ತು ಎಲೆಗೆ ಬಡಿಸಿದ ಹಾಗೆ. 8ಕೆಯಲ್ಲಿ ಎಂಬತ್ತು ಎಲೆ! ನಮ್ಮ ಮನೆಗೆ ದೊಡ್ಡ ಟಿವಿ ಬಂದ ಸಂಜೆ ಅತ್ತೆ ಧಾರಾವಾಹಿ ಹಾಕಿಸಿ, "ಇವಳ ಮುಖ ಯಾಕೆ ಹೀಗೆ ಊದಿಕೊಂಡಿದೆ?" ಅಂದರು. ಸೀರೆಯ ಜರಿ ಅರಿಶಿನ ಮೆತ್ತಿದ ಹಾಗಿತ್ತು. ಎಚ್‌ಡಿ ಬಾಕ್ಸ್, ಎಚ್‌ಡಿ ಪ್ಯಾಕ್ ಹಾಕಿಸಿದ ಮೇಲೆ ಜರಿ ಜರಿಯಾಯಿತು. ಎಚ್‌ಡಿಎಂಐ ತಂತಿಯಲ್ಲೇ ಜೋಡಿಸಿ. ಹಳದಿ-ಕೆಂಪು-ಬಿಳಿ ಪಿನ್ನಿನಲ್ಲಿ ಎಚ್‌ಡಿ ಬರುವುದಿಲ್ಲ.

ಜಪಾನಿನ ಟಿವಿ ಸಂಸ್ಥೆ ಎನ್‌ಎಚ್‌ಕೆ 2018ರ ಡಿಸೆಂಬರ್‌ನಲ್ಲೇ 8ಕೆ ಚಾನೆಲ್ ಶುರು ಮಾಡಿತು, ನಿಜ. ನಿಮ್ಮ ಧಾರಾವಾಹಿ ಅಲ್ಲಿ ಬರುವುದಿಲ್ಲವಲ್ಲ.

4ಕೆ ತಗೊಳ್ಳಿ. ಅಂಗಡಿಯಲ್ಲಿ ಡೆಮೊ ವಿಡಿಯೊ ನಿಲ್ಲಿಸಿ ಮಾಮೂಲಿ ಚಾನೆಲ್ ಹಾಕಿಸಿ, 9 ಅಡಿ ಹಿಂದೆ ಸರಿದು ನೋಡಿ. ಹಾಲ್‌ನ ಕಿಟಕಿ ಟಿವಿಗೆ ಎದುರಿದ್ದರೆ ಉಳಿದ ದುಡ್ಡನ್ನು ಬೆಳಕು ಜಾಸ್ತಿ ಇರುವ ಪರದೆಗೆ ಹಾಕಿ. ಮಧ್ಯಾಹ್ನದ ಮ್ಯಾಚಿನಲ್ಲಿ ಚೆಂಡು ಕಾಣಬೇಕಲ್ಲ.